ಭತ್ತದ ಗದ್ದೆಯಲ್ಲಿ ಬಾತುಕೋಳಿ: ಮೊಟ್ಟೆಗೂ ಮಾಂಸಕ್ಕೂ

ನೀರಾವರಿ ಪ್ರದೇಶಗಳಲ್ಲಿ ಭತ್ತ ಬೆಳೆಯುವ ನಮ್ಮ ರೈತರು ಉಪಕಸುಬಾಗಿ ಹಸು, ಕೋಳಿ, ಮೀನು ಸಾಕುವುದು ರೂಢಿಗೆ ಬಂದಿದೆ. ಬಾತುಕೋಳಿ ಮಾತ್ರ ಬಹುಮಟ್ಟಿಗೆ ಹೊರಗಿನವರ ಕಸುಬಾಗಿಯೇ ಉಳಿದಿದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಕೊಯ್ಲು ಮುಗಿದೊಡನೆ ನೆರೆರಾಜ್ಯಗಳಿಂದ ಬಾತು ಮೇಯಿಸುವವರು ಹಿಂಡು ಹಿಂಡಾಗಿ ಹಕ್ಕಿಗಳನ್ನು ತಂದು ಕೂಳೆ ಗದ್ದೆಗಳಲ್ಲಿ ಬಿಡುವುದನ್ನು ನೀವು ನೋಡಿರಬಹುದು. ಉದುರಿದ ಕಾಳು, ಬಸವನಹುಳು, ಹುಳುಹುಪ್ಪಟೆಗಳನ್ನು ಮೇಯಿಸಿ, ಬೆಳಿಗ್ಗೆ ಮೊಟ್ಟೆ ಆಯ್ದು ಮಾರಿ, ಅವರು ಮುಂದಿನ ಊರಿಗೆ ನಡೆಯುತ್ತಾರೆ. ಗದ್ದೆ ನಿಮ್ಮದು, ಕಾಳು ನಿಮ್ಮದು, ಮೊಟ್ಟೆ ಅವರದು!

ಈ ಅಲೆಮಾರಿ ಸಾಕಣೆದಾರರು ಹಕ್ಕಿಯ ಆಹಾರಕ್ಕೆಂದು ಅಂಗಡಿಗೆ ಹೋಗುವುದು ಬಹಳ ಕಡಿಮೆ. ಅವರ ಕಸುಬು ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಇದನ್ನು ಗಮನಿಸದೆ ನೂರು ಬಾತುಗಳನ್ನು ತಂದು, ಕೊಟ್ಟಿಗೆಯಲ್ಲಿ ಕೂಡಿ, ಚೀಲದ ಆಹಾರವನ್ನೇ ಹಾಕುತ್ತ ಹೋದರೆ ವರ್ಷ ತುಂಬುವುದರೊಳಗೆ ಕೈಸುಟ್ಟುಕೊಳ್ಳುವ ಸಂಭವವೇ ಹೆಚ್ಚು. ಆದ್ದರಿಂದ ಮರಿ ಕೊಳ್ಳುವ ಮೊದಲು ಲೆಕ್ಕ ಹಾಕಬೇಕು.

ಆಹಾರದ ಲೆಕ್ಕ

ಮೊಟ್ಟೆಯಿಡುವ ಬಾತು ದಿನಕ್ಕೆ ಕನಿಷ್ಠ 120 ಗ್ರಾಂ ಆಹಾರ ತಿನ್ನುತ್ತದೆ. ವರ್ಷಕ್ಕೆ ಇದು ಸುಮಾರು 44 ಕಿಲೋಗ್ರಾಂ. ನಾಟಿ ಬಾತು ವರ್ಷದಲ್ಲಿ 150 ಮೊಟ್ಟೆ ಇಟ್ಟರೆ ಅದೇ ಹೆಚ್ಚು. ಅಂದರೆ ಒಂದು ಕಿಲೋ ಆಹಾರಕ್ಕೆ ಮೂರೂವರೆ ಮೊಟ್ಟೆಯೂ ಪೂರ್ತಿ ಸಿಗುವುದಿಲ್ಲ. ಖಾಕಿ ಕ್ಯಾಂಪ್ಬೆಲ್ ತಳಿ ಒಳ್ಳೆಯ ಪೋಷಣೆಯಲ್ಲಿ 250 ಮೊಟ್ಟೆ ಕೊಟ್ಟಿತೆಂದರೆ ಕಿಲೋಗೆ ಐದೂವರೆಗಿಂತ ತುಸು ಹೆಚ್ಚು. ಇದಲ್ಲದೆ ಮೊದಲ ಮೊಟ್ಟೆ ಕಾಣುವ ಮುಂಚೆಯೇ, 20 ವಾರಗಳವರೆಗೆ, ಪ್ರತಿ ಹಕ್ಕಿಯೂ ಸುಮಾರು ಹನ್ನೆರಡೂವರೆ ಕಿಲೋ ತಿಂದು ಮುಗಿಸಿರುತ್ತದೆ. ನಿಮ್ಮ ಊರಿನಲ್ಲಿ ಒಂದು ಕಿಲೋ ಆಹಾರದ ಬೆಲೆಯನ್ನೂ ಒಂದು ಬಾತುಮೊಟ್ಟೆಯ ಬೆಲೆಯನ್ನೂ ಈ ಅಂಕಿಗಳ ಪಕ್ಕದಲ್ಲಿ ಬರೆದು ನೋಡಿ. ಕೊಟ್ಟಿಗೆಯ ಬಾತು ಎಲ್ಲಿ ಸೋಲುತ್ತದೆಂಬುದು ಕಾಗದದ ಮೇಲೆಯೇ ಕಾಣುತ್ತದೆ.

ಹಕ್ಕಿ ತಾನೇ ಮೇದು ತಿಂದ ಪ್ರತಿ ಗ್ರಾಮೂ ನಿಮ್ಮ ಲಾಭ. ಹಾಗಾದರೆ ಪ್ರಶ್ನೆ, ನಿಮ್ಮ ಜಮೀನು ಎಷ್ಟು ಹಕ್ಕಿಗೆ ಮೇವು ಕೊಡಬಲ್ಲುದು ಎಂಬುದು. ನಿಮ್ಮ ಮನೆಯ ಹುಡುಗರು ಕಂಪ್ಯೂಟರಿನಲ್ಲಿ ವಸಾಹತು ಕಟ್ಟುವ ಆಟ ಆಡುತ್ತಿದ್ದರೆ ಅವರನ್ನೇ ಕೇಳಿ. ರಿಮ್‌ವರ್ಲ್ಡ್ ಎಂಬ ಆಟದಲ್ಲಿ ಬಾತು ಸಾಕುವುದೂ ಇದೆ. 2021ರಿಂದೀಚೆಗೆ ಅದರಲ್ಲಿ ಬೇಲಿಯೊಳಗೆ ಮೇವು ಬೆಳೆಯುವ ವೇಗವೆಷ್ಟು, ಕೂಡಿದ ಪ್ರಾಣಿಗಳು ತಿನ್ನುವ ವೇಗವೆಷ್ಟು ಎಂದು ಅಕ್ಕಪಕ್ಕದಲ್ಲಿ ತೋರಿಸುವ ಏರ್ಪಾಡು ಮಾಡಿದ್ದಾರೆ. ತಿನ್ನುವುದು ಬೆಳೆಯುವುದನ್ನು ಮೀರಿದರೆ ಕಣಜ ಕರಗುತ್ತದೆ. ಆಟವೆಂದು ತಳ್ಳಿಹಾಕಬೇಡಿ, ನಮ್ಮ ಅನೇಕ ಕೊಟ್ಟಿಗೆಗಳಲ್ಲಿ ಇಷ್ಟು ಲೆಕ್ಕವೂ ನಡೆಯುವುದಿಲ್ಲ. ಆದರೆ ಆಟದ ಬೇಲಿಯಂತೆ ನಮ್ಮ ಗದ್ದೆ ತಾನಾಗಿ ಅಂಕಿ ತೋರಿಸದು. ಸಂಜೆ ಹಾಕಿದ ಆಹಾರವನ್ನು ತೂಗಿ ಬರೆದಿಟ್ಟರೆ ಮಾತ್ರ, ಹಗಲು ಗದ್ದೆ ಎಷ್ಟು ಕೊಟ್ಟಿತೆಂಬುದು ತಿಳಿಯುತ್ತದೆ.

ಗದ್ದೆಯೊಡನೆ ಹೊಂದಿಕೆ

ನಾಟಿ ಮಾಡಿದ ಗದ್ದೆಯಲ್ಲಿ ಬಾತು ಬಿಡುವ ಪದ್ಧತಿ ಪೂರ್ವ ಏಷ್ಯಾದ ದೇಶಗಳಲ್ಲಿ ಹಳೆಯದು. ಜಪಾನಿನ ಫುಕುವೋಕಾ ಪ್ರಾಂತ್ಯದ ರೈತ ತಕಾವೋ ಫುರುನೋ 1988ರಿಂದ ಅದನ್ನು ಕ್ರಮಬದ್ಧಗೊಳಿಸಿದರು. ಮೊದಮೊದಲು ನಾಯಿಗಳ ಕಾಟ ಅವರ ಹಿಂಡುಗಳನ್ನು ಹಾಳುಮಾಡಿತು, ವಿದ್ಯುತ್ ಬೇಲಿ ಹಾಕಿದ ಮೇಲೆಯೇ ಪದ್ಧತಿ ನೆಲೆಗೊಂಡಿತು. ಅಲ್ಲಿಯ ಪ್ರಮಾಣವನ್ನು ನಮ್ಮ ಅಳತೆಗೆ ತಂದರೆ ಎಕರೆಗೆ 60ರಿಂದ 80 ಮರಿಗಳು. ನಮ್ಮಲ್ಲಿ ಹೊಸದಾಗಿ ತೊಡಗುವವರು 40ರಿಂದ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಗದ್ದೆಯಲ್ಲಿ ಬಾತು ಮಾಡುವ ಕೆಲಸ ಮೂರು ಬಗೆಯದು. ಆಗತಾನೇ ಮೊಳೆತ ಕಳೆಯನ್ನು ಕಿತ್ತು ತಿನ್ನುತ್ತದೆ. ಕಾಲಿನಿಂದ ಕೆಸರು ಕದಡುವುದರಿಂದ ನೀರು ರಾಡಿಯಾಗಿ, ಅಡಿಯಲ್ಲಿರುವ ಕಳೆಬೀಜಕ್ಕೆ ಬೆಳಕು ಸಿಗದಂತಾಗುತ್ತದೆ. ಪೈರಿನ ಬುಡದಲ್ಲಿ ಕುಳಿತ ಜಿಗಿಹುಳು, ಬಸವನಹುಳುಗಳನ್ನು ಹೆಕ್ಕುತ್ತದೆ. ಹಿಕ್ಕೆ ಗೊಬ್ಬರವಾಗುವುದು ಬೇರೆ. ಭತ್ತದ ಗರಿ ಒರಟಾದ್ದರಿಂದ, ಬೇರೆ ಮೇವಿರುವವರೆಗೆ ಬಾತು ಅದಕ್ಕೆ ಬಾಯಿ ಹಾಕುವುದು ಅಪರೂಪ. ಆದರೆ ಬಾತು ಬಿಟ್ಟೊಡನೆ ಕಳೆ ಕೀಳುವ ಆಳೇ ಬೇಡವೆಂದು ತಿಳಿಯಬೇಡಿ. ಪೈರನ್ನೇ ಹೋಲುವ ಹುಲ್ಲು ಕಳೆ ಒಮ್ಮೆ ನೀರಿನ ಮೇಲೆ ಎದ್ದು ನಿಂತಿತೆಂದರೆ ಅದು ಕೈಯಿಂದಲೇ ಹೋಗಬೇಕು.

ಈ ಹೊಂದಿಕೆಯ ಜೀವಾಳ ದಿನಗಳ ಲೆಕ್ಕದಲ್ಲಿದೆ. ನಾಟಿಗೆ ಒಂದು ವಾರ ಮುಂಚೆ ಒಂದು ದಿನದ ಮರಿಗಳು ಮನೆಗೆ ಬಂದಿರಬೇಕು. ನಾಟಿಯಾದ 15ನೆಯ ದಿನ ಪೈರು ಬೇರೂರಿ ನಿಂತಿರುತ್ತದೆ, ಮರಿಗೆ ಮೂರು ವಾರ ತುಂಬಿರುತ್ತದೆ. ಅಂದು ಗದ್ದೆಗೆ ಬಿಡಿ. ಸುಮಾರು 135 ದಿನದ ತಳಿಯಾದರೆ ನಾಟಿಯ ನಂತರ 70ನೆಯ ದಿನದ ಆಸುಪಾಸಿನಲ್ಲಿ, ತೆನೆ ಹೊರಡುವ ಮುನ್ನ, ಹಕ್ಕಿಗಳನ್ನು ಹೊರಕ್ಕೆ ತರಬೇಕು. ತಡಮಾಡಿದರೆ ಎಳೆಗಾಳು ಅವುಗಳ ಪಾಲಾಗುತ್ತದೆ. ಆಗ ಅವುಗಳ ವಯಸ್ಸು 11 ವಾರ. ಗಂಡುಗಳನ್ನು ಮಾರಿ ಹೆಣ್ಣುಗಳನ್ನು ಕಾಲುವೆ, ಹೊಂಡ, ಕೆರೆಯಂಗಳದಲ್ಲಿ ಮೇಯಿಸಿಕೊಂಡಿದ್ದರೆ, ಕೊಯ್ಲಿನ ಹೊತ್ತಿಗೆ ಅವಕ್ಕೆ 16 ವಾರ ಕಳೆದಿರುತ್ತದೆ. ಮೊಟ್ಟೆಗೆ ಮೈಕೂಡುವ ಕಾಲ. ಉದುರಿದ ಕಾಳು ಬೇಕಾಗುವುದೂ ಆಗಲೇ, ಅದು ಗದ್ದೆಯಲ್ಲಿ ಬಿದ್ದಿರುವುದೂ ಆಗಲೇ. ಮೇಯಿಸುವವರಿಗೆ ಬಿಟ್ಟುಕೊಡುತ್ತಿದ್ದ ಕೂಳೆ ನಿಮ್ಮ ಹಕ್ಕಿಗೇ ಒದಗುತ್ತದೆ. ಅಲ್ಪಾವಧಿ ತಳಿಯಾದರೆ ಈ ದಿನಗಳನ್ನು ಅದಕ್ಕೆ ತಕ್ಕಂತೆ ಹಿಂದಕ್ಕೆ ಸರಿಸಿಕೊಳ್ಳಿ.

ಗದ್ದೆಯಲ್ಲಿ 5ರಿಂದ 8 ಸೆಂಟಿಮೀಟರ್ ನೀರು ನಿಂತಿರಬೇಕು. ನೀರು ಕಟ್ಟಿ, ಒಣಗಿಸಿ, ಮತ್ತೆ ಕಟ್ಟುವ ಪದ್ಧತಿಯವರಿಗೆ ಇದು ಹೊಂದದು. ಸಾಲು ನಾಟಿ ಇರಲಿ, ಸಾಲಿನಿಂದ ಸಾಲಿಗೆ 25 ಸೆಂಟಿಮೀಟರ್ ಬಿಟ್ಟರೆ ಹಕ್ಕಿ ಸರಾಗವಾಗಿ ಓಡಾಡುತ್ತದೆ. ಚೆಲ್ಲು ಬಿತ್ತನೆಯ ಗದ್ದೆಗೆ ಬಿಡಬೇಡಿ. ಮೇಲುಗೊಬ್ಬರ ಹಾಕುವ ದಿನ ಹಾಗೂ ಮುಂದೆ ಮೂರು ನಾಲ್ಕು ದಿನ ಹಕ್ಕಿಗಳು ಹೊರಗಿರಲಿ.

ಇನ್ನೊಂದು ಮುಖ್ಯ ವಿಷಯ. ಬಾತು ಬಿಡುವ ಗದ್ದೆಯಲ್ಲಿ ಹರಳು ಕೀಟನಾಶಕ ಖಂಡಿತ ಕೂಡದು. ಕಾರ್ಬೋಫ್ಯುರಾನಿನ ಕೆಲವೇ ಹರಳು ಹಕ್ಕಿಯ ಪ್ರಾಣ ತೆಗೆಯಬಲ್ಲದು. ಫೋರೇಟ್ 2020ರ ಡಿಸೆಂಬರ್ ಅಂತ್ಯದಿಂದ ನಿಷೇಧಗೊಂಡಿದೆ, ಮನೆಯ ಮೂಲೆಯಲ್ಲಿ ಹಳೆಯ ಚೀಲ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ನಿಮ್ಮ ಗದ್ದೆಯಷ್ಟೇ ಅಲ್ಲ, ಮೇಲಿನ ಗದ್ದೆಯಿಂದ ನೀರು ಹರಿದು ಬರುವುದಾದರೆ ಆ ಗದ್ದೆಯವರೊಡನೆ ನಾಟಿಗೆ ಮುಂಚೆಯೇ ಮಾತಾಡಿಕೊಳ್ಳಿ. ಅವರು ಒಪ್ಪದಿದ್ದರೆ ಆ ಸಾಲು ಬಾತು ಬಿಡದಿರುವುದೇ ಸರಿ.

ತಳಿ ಮತ್ತು ಮರಿ

ಮೊಟ್ಟೆಗೆ ಖಾಕಿ ಕ್ಯಾಂಪ್ಬೆಲ್. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಅಡೆಲ್ ಕ್ಯಾಂಪ್ಬೆಲ್ ಎಂಬ ಮಹಿಳೆ ಇಂಡಿಯನ್ ರನ್ನರ್ ಬಾತನ್ನು ಬೇರೆ ಜಾತಿಗಳೊಡನೆ ಕೂಡಿಸಿ ಪಡೆದ ತಳಿಯಿದು. ಮೊಟ್ಟೆ 65ರಿಂದ 70 ಗ್ರಾಂ ತೂಗುತ್ತದೆ. ಬರೀ ಮಾಂಸಕ್ಕಾದರೆ ಬಿಳಿ ಪೆಕಿನ್. ಅದು ಆರೇ ವಾರದಲ್ಲಿ ಎರಡು ಕಿಲೋ ಮೀರುತ್ತದಾದರೂ ಹೊಟ್ಟೆ ತುಂಬ ಒಳ್ಳೆಯ ಆಹಾರ ಬೇಡುತ್ತದೆ, ಗದ್ದೆಯ ಓಡಾಟಕ್ಕೆ ಹೇಳಿಸಿದ್ದಲ್ಲ. ಅದನ್ನು ಆರೇಳು ವಾರಕ್ಕೆ ಮಾರಿಬಿಡಬೇಕು. ಆಮೇಲೆ ಹೊಸ ಪುಕ್ಕದ ಮೊಳಕೆ ಬಂದು ತರಿಯುವುದು ತ್ರಾಸವಾಗುತ್ತದೆ. ನಾನು ಇಲ್ಲಿ ಹೇಳುತ್ತಿರುವ ಗದ್ದೆಯ ಪದ್ಧತಿಗೆ ಖಾಕಿಯ ಹೆಣ್ಣು ಮೊಟ್ಟೆಗೆ, ಗಂಡು ಮಾಂಸಕ್ಕೆ.

ಮೊದಲ ಮೂರು ವಾರ ಮರಿಗೆ ಕಾವು ಬೇಕು. ಮೊದಲ ವಾರ ಸುಮಾರು 32 ಡಿಗ್ರಿ ಸೆಲ್ಸಿಯಸ್, ಬಳಿಕ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಮರಿಗಳು ದೀಪದಡಿ ಗುಂಪಾದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಬಾತು ಮರಿ ಹುಟ್ಟುತ್ತಲೇ ಈಜುತ್ತದೆ ನಿಜ, ಆದರೆ ಯಂತ್ರದಲ್ಲಿ ಒಡೆದ ಮರಿಗೆ ತಾಯಿಯ ಮೈಯೆಣ್ಣೆ ತಗಲಿರುವುದಿಲ್ಲ. ನೀರಿನಲ್ಲಿ ನೆನೆದು, ಚಳಿ ಹಿಡಿದು ಸಾಯುತ್ತದೆ. ಎರಡು ವಾರದ ಮೇಲೆ, ಬಿಸಿಲಿರುವ ಹೊತ್ತು, ಸ್ವಲ್ಪ ಸ್ವಲ್ಪವಾಗಿ ನೀರಿನ ಅಭ್ಯಾಸ ಮಾಡಿಸಿ. ಮರಿಯ ನೀರಿನ ತಟ್ಟೆ 5ರಿಂದ 7 ಸೆಂಟಿಮೀಟರ್ ಆಳವಿದ್ದರೆ ಸಾಕು. ದೊಡ್ಡ ಹಕ್ಕಿಗೆ 12ರಿಂದ 15 ಸೆಂಟಿಮೀಟರ್ ಬೇಕು. ಕೊಕ್ಕು ಪೂರಾ ಮುಳುಗದಿದ್ದರೆ ಕಣ್ಣಿನ ಸುತ್ತ ಹಕ್ಕಳೆ ಕಟ್ಟಿ ದೃಷ್ಟಿಯೇ ಹೋಗುವುದುಂಟು. ಒಣ ಹಿಟ್ಟು ಗಂಟಲಿಗೆ ಇಳಿಯದು. ತೌಡು, ನುಚ್ಚು ಏನೇ ಕೊಟ್ಟರೂ ನೀರಿನಲ್ಲಿ ಕಲಸಿ ಕೊಡಿ. ಕುಡಿಯುವ ನೀರನ್ನೂ ಪಕ್ಕದಲ್ಲೇ ಇಡಿ.

ಕಡಲೆಕಾಯಿ ಹಿಂಡಿಯನ್ನು ಬಾತಿಗೆ ಹಾಕಬೇಡಿರೆಂದೇ ಹೇಳುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತಾಗ, ಕಾರಣ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿತ್ತು. ಬಾತು ಮರಿಗಳೂ ಸತ್ತವು. ಅಫ್ಲಟಾಕ್ಸಿನ್ ಎಂಬ ಆ ವಿಷವನ್ನು ಪರೀಕ್ಷಿಸಲು ವಿಜ್ಞಾನಿಗಳು ಆರಿಸಿಕೊಂಡದ್ದು ಒಂದು ದಿನದ ಬಾತು ಮರಿಯನ್ನೇ, ಅದು ಅಷ್ಟು ಸೂಕ್ಷ್ಮ. ಮಳೆಗಾಲದಲ್ಲಿ ತೇವ ಕುಡಿದ ಮುಸುಕಿನ ಜೋಳವೂ ಅಪಾಯವೇ. ಹಿಂಡಿ ಬೇಕಾದರೆ ಸೋಯಾ ಅಥವಾ ಎಳ್ಳಿಂಡಿ ಇರಲಿ. ಹಸಿರು ಮೇವಿಗೆ ಅಜೋಲ್ಲಾ ಉತ್ತಮ.

ಗಂಡೆಷ್ಟು, ಹೆಣ್ಣೆಷ್ಟು?

ತಿನ್ನುವ ಮೊಟ್ಟೆಗೆ ಗಂಡು ಬಾತೇ ಬೇಕಿಲ್ಲ. ಮರಿ ಮಾಡುವ ಉದ್ದೇಶವಿದ್ದರೆ ಆರೇಳು ಹೆಣ್ಣಿಗೆ ಒಂದು ಗಂಡು ಸಾಕು. ಉಳಿದ ಗಂಡುಗಳು ದಿನವೂ ತಿನ್ನುತ್ತವೆ, ಹೆಣ್ಣುಗಳನ್ನು ಗೋಳುಹೊಯ್ದುಕೊಳ್ಳುತ್ತವೆ. ದೊಡ್ಡದಾಗಿ ಕೂಗುವುದು ಹೆಣ್ಣು, ಕೀರಲು ಗಂಟಲಿನದು ಗಂಡು. ವಯಸ್ಸಿಗೆ ಬಂದ ಗಂಡಿನ ಬಾಲದಲ್ಲಿ ಸುರುಳಿ ಗರಿ ಇರುತ್ತದೆ. ಮೇಲೆ ಹೇಳಿದ ಆಟದಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು ಉಳಿಯಬೇಕೆಂದು ಮೊದಲೇ ಗೊತ್ತುಮಾಡಿಟ್ಟರೆ ಮಿಕ್ಕಿದ್ದು ತಾನಾಗಿ ಕಟುಕನ ಪಾಲಾಗುತ್ತದಂತೆ. ಮನೆಯಲ್ಲಿ ಹಾಗಾಗುವುದಿಲ್ಲ. ಮಕ್ಕಳು ಹೆಸರಿಟ್ಟಿರುತ್ತಾರೆ, ಹಬ್ಬ ಬರಲಿ ಎನ್ನುತ್ತಾರೆ, ಬೆಲೆ ಏರಲಿ ಎಂದು ನೀವೂ ಕಾಯುತ್ತೀರಿ. ಗದ್ದೆಯಿಂದ ಹೊರ ತಂದ ವಾರದಲ್ಲೇ ಗಂಡುಗಳನ್ನು ಮಾರಿದವರಿಗೆ ಮಾತ್ರ ಅವುಗಳ ಹಣ ಹೆಣ್ಣುಗಳ ಆಹಾರಕ್ಕೆ ಒದಗುತ್ತದೆ.

ಹೆಣ್ಣು ಸುಮಾರು ಐದನೆಯ ತಿಂಗಳಿಗೆ ಮೊಟ್ಟೆ ಆರಂಭಿಸುತ್ತದೆ. ಹೆಚ್ಚುಕಡಮೆ ಎಲ್ಲ ಮೊಟ್ಟೆಯೂ ಬೆಳಿಗ್ಗೆ ಒಂಬತ್ತರೊಳಗೆ ಬೀಳುವುದರಿಂದ ಅಲ್ಲಿಯವರೆಗೆ ಹಿಂಡನ್ನು ಗೂಡಿನಿಂದ ಬಿಡಬೇಡಿ. ಬಿಟ್ಟರೆ ಮೊಟ್ಟೆ ಕೆರೆಯ ಪಾಲು. ಬಾತು ಎರಡನೆಯ ವರ್ಷವೂ ಚೆನ್ನಾಗಿ ಇಡುತ್ತದೆ, ಕೋಳಿಗಿಂತ ಇದು ಮೇಲು. ಬಾತುಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ತಿನ್ನಬೇಕು. ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎಲ್ಲ ಅಂಗಡಿಯವರೂ ಇದನ್ನು ಕೋಳಿಮೊಟ್ಟೆಯಂತೆ ಕಣ್ಣುಮುಚ್ಚಿ ತೆಗೆದುಕೊಳ್ಳುವುದಿಲ್ಲ.

ರೋಗ

ಬಾತು ಗಟ್ಟಿ ಹಕ್ಕಿಯೆಂಬುದು ನಿಜವಾದರೂ ಬಾತು ಪ್ಲೇಗ್ ಬಂದರೆ ಹಿಂಡೇ ಉರುಳುತ್ತದೆ. 8ರಿಂದ 12 ವಾರದೊಳಗೆ ಲಸಿಕೆ ಹಾಕಿಸಿ. ಹೊರಗಿನಿಂದ ಬಂದ ಅಲೆಮಾರಿ ಹಿಂಡಿನೊಡನೆ ನಿಮ್ಮ ಹಿಂಡನ್ನು ಬೆರೆಸಬೇಡಿ. ಕೇರಳದ ಕುಟ್ಟನಾಡಿನಲ್ಲಿ 2014, 2016 ಮತ್ತು 2021ರಲ್ಲಿ ಹಕ್ಕಿಜ್ವರ ಬಂದಾಗ ಸಾವಿರಗಟ್ಟಲೆ ಬಾತುಗಳನ್ನು ಕೊಲ್ಲಬೇಕಾಯಿತು. ಒಮ್ಮೆಗೇ ನಾಲ್ಕಾರು ಹಕ್ಕಿ ಸತ್ತರೆ ಗುಟ್ಟಾಗಿ ಹೂಳದೆ, ನೆರೆಯವರಿಗೆ ಮಾರದೆ, ಪಶುವೈದ್ಯರಿಗೆ ಆ ದಿನವೇ ತಿಳಿಸಿ.

ಮರಿಗಳಿಗಾಗಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯನ್ನು ವಿಚಾರಿಸಬಹುದು. ಖಾಕಿ ಬಾತು ಕಾವಿಗೆ ಕೂರುವ ಸ್ವಭಾವದ್ದಲ್ಲ. ಮುಂದೆ ಮನೆಯಲ್ಲೇ ಮರಿ ಮಾಡಿಸುವವರು ನಾಟಿ ಕೋಳಿಯ ಕೆಳಗೆ ಎಂಟು ಹತ್ತು ಮೊಟ್ಟೆ ಇಡಬೇಕು. ಬಾತುಮೊಟ್ಟೆ ಒಡೆಯಲು 28 ದಿನ ಬೇಕು, ಮರಿ ನಾಟಿಗೆ ಒಂದು ವಾರ ಮುಂಚೆ ಕೈಸೇರಬೇಕು. ಆದ್ದರಿಂದ ನಾಟಿಯ ದಿನ ಗೊತ್ತಾದೊಡನೆ, ಕನಿಷ್ಠ 35 ದಿನ ಮುಂಚಿತವಾಗಿ, ಅಂದರೆ ನೀವು ಒಟ್ಲು ಹಾಕುವುದಕ್ಕೂ ಮೊದಲೇ, ಬೇಕಾದ ಮರಿಗಳ ಸಂಖ್ಯೆಯನ್ನು ತಿಳಿಸಿ ಕಾಯ್ದಿರಿಸಿಕೊಳ್ಳಿ.