ಮುಖಪರಿಚಯ

ಜಾತ್ರೆಯ ಜನಸಂದಣಿಯಲ್ಲಿ ನೂರಾರು ಮುಖಗಳು ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. ಅವುಗಳ ನಡುವೆ ಗೆಳೆಯನ ಮುಖ ಕ್ಷಣಮಾತ್ರ ಇಣುಕಿದರೂ ಸಾಕು, ನಮಗೆ ಅವನ ಗುರುತು ಸಿಕ್ಕಿಬಿಡುತ್ತದೆ. ಎಲ್ಲರ ಮುಖದಲ್ಲಿಯೂ ಇರುವುದು ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅವುಗಳ ಸ್ಥಾನವೂ ಒಂದೇ. ಹೀಗಿದ್ದರೂ ಒಂದು ಮುಖವನ್ನು ಇನ್ನೊಂದರಿಂದ ನಾವು ಅನಾಯಾಸವಾಗಿ ಬೇರ್ಪಡಿಸುತ್ತೇವೆ. ಈ ಅರಿವು ನಮಗೆ ಹೇಗೆ ಉಂಟಾಗುತ್ತದೆ? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಮನೋವಿಜ್ಞಾನಿಗಳು ಈ ಎರಡು ಪ್ರಶ್ನೆಗಳನ್ನೂ ಆಳವಾಗಿ ಪರಿಶೀಲಿಸಿದ್ದಾರೆ.

ಕಣ್ಣು ಹೀಗಿದೆ, ಮೂಗು ಹೀಗಿದೆ ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿ ನಾವು ಮುಖವನ್ನು ಗುರುತಿಸುವುದಿಲ್ಲ. ಅಂಗಗಳ ನಡುವಣ ಅಂತರ, ಅವುಗಳ ಪರಸ್ಪರ ಹೊಂದಾಣಿಕೆ ಇವೆಲ್ಲವನ್ನೂ ಒಟ್ಟಾಗಿ, ಒಂದೇ ನೋಟದಲ್ಲಿ ಗ್ರಹಿಸುತ್ತೇವೆ. 1969ರಲ್ಲಿ ರಾಬರ್ಟ್ ಯಿನ್ ಎಂಬ ಸಂಶೋಧಕರು ಒಂದು ಸ್ವಾರಸ್ಯಕರ ಸಂಗತಿಯನ್ನು ಪ್ರಕಟಿಸಿದರು. ಮನೆ, ವಿಮಾನ ಮೊದಲಾದ ಚಿತ್ರಗಳನ್ನು ತಲೆಕೆಳಗಾಗಿಸಿದರೆ ಗುರುತಿಸುವುದು ಸ್ವಲ್ಪ ಕಷ್ಟವಾಗುತ್ತದೆ. ಮುಖದ ಚಿತ್ರವನ್ನು ತಲೆಕೆಳಗಾಗಿಸಿದರೆ ಆ ಕಷ್ಟ ಬಹಳ ಹೆಚ್ಚುತ್ತದೆ. ಅಂಗಗಳು ಮೊದಲಿನವೇ ಆದರೂ ಅವುಗಳ ಒಟ್ಟಂದವು ನಮ್ಮ ಹಿಡಿತಕ್ಕೆ ಸಿಕ್ಕದೆ ಹೋಗುವುದೇ ಇದಕ್ಕೆ ಕಾರಣ. ಪರಿಚಿತರೊಬ್ಬರ ಭಾವಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದರೆ ನೀವೂ ಇದನ್ನು ಅನುಭವಿಸಬಹುದು.

ಈ ಕಾರ್ಯದಲ್ಲಿ ಮಿದುಳಿನ ಪಾತ್ರ ಹಿರಿದಾದುದು. ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರನ್ನು ಪರೀಕ್ಷಿಸಿದ ಜರ್ಮನಿಯ ವೈದ್ಯ ಯೋಆಖಿಮ್ ಬೋಡಾಮರ್ 1947ರಲ್ಲಿ ಒಂದು ವಿಚಿತ್ರ ತೊಂದರೆಯನ್ನು ವರ್ಣಿಸಿದರು. ಅವರ ರೋಗಿಯೊಬ್ಬನಿಗೆ ಮುಖದಲ್ಲಿನ ಕಣ್ಣು, ಮೂಗುಗಳು ಕಾಣುತ್ತಿದ್ದವು. ಆದರೆ ಅದು ಯಾರ ಮುಖವೆಂದು ತಿಳಿಯುತ್ತಿರಲಿಲ್ಲ. ಕನ್ನಡಿಯಲ್ಲಿ ಕಂಡ ತನ್ನ ಮುಖವೂ ಅವನಿಗೆ ಅಪರಿಚಿತವಾಗಿತ್ತು! ಇಂತಹ ತೊಂದರೆಯುಳ್ಳವರು ಧ್ವನಿ, ನಡಿಗೆ, ಉಡುಪುಗಳಿಂದ ತಮ್ಮವರನ್ನು ಗುರುತಿಸಬೇಕಾಗುತ್ತದೆ. ಕೆಲವರಿಗೆ ಈ ಕೊರತೆ ಹುಟ್ಟಿನಿಂದಲೇ ಇರುವುದುಂಟು. ಹೆಸರಾಂತ ವೈದ್ಯರೂ ಲೇಖಕರೂ ಆಗಿದ್ದ ಆಲಿವರ್ ಸ್ಯಾಕ್ಸ್ ಅವರಿಗೂ ಈ ತೊಂದರೆ ಇದ್ದಿತು. ಮಿದುಳಿನ ತಳಭಾಗದಲ್ಲಿನ ಒಂದು ಪ್ರದೇಶವು ಇತರ ವಸ್ತುಗಳಿಗಿಂತ ಮುಖಗಳನ್ನು ಕಂಡಾಗ ಹೆಚ್ಚು ಚಟುವಟಿಕೆಯಿಂದ ಕೂಡಿರುತ್ತದೆ ಎಂಬುದನ್ನು 1997ರಲ್ಲಿ ನ್ಯಾನ್ಸಿ ಕಾನ್ವಿಶರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು.

ಹಾಗಾದರೆ ಈ ಶಕ್ತಿಯು ಎಲ್ಲ ಮುಖಗಳ ವಿಷಯದಲ್ಲಿಯೂ ಸಮಾನವೆ? ಇಲ್ಲ. ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಅವರು ನೆದರ್ಲೆಂಡ್ಸಿನ ಇಬ್ಬರು ಪ್ರಸಿದ್ಧ ವ್ಯಕ್ತಿಗಳ 40 ಭಾವಚಿತ್ರಗಳನ್ನು ಬೆರೆಸಿ, ಒಬ್ಬೊಬ್ಬರ ಚಿತ್ರಗಳನ್ನು ಒಂದೊಂದು ಗುಂಪಾಗಿ ವಿಂಗಡಿಸಲು ಹೇಳಿದರು. ಆ ವ್ಯಕ್ತಿಗಳನ್ನು ಅರಿಯದ ಬ್ರಿಟಿಷರಲ್ಲಿ ಒಬ್ಬರೂ ಸರಿಯಾಗಿ ಎರಡು ಗುಂಪು ಮಾಡಲಿಲ್ಲ. ಹಲವರು ಒಂಬತ್ತು ಗುಂಪುಗಳನ್ನು ಮಾಡಿದರು! ಅವರನ್ನು ಬಲ್ಲ ನೆದರ್ಲೆಂಡ್ಸಿನ ಜನರಿಗಾದರೋ ಈ ಕೆಲಸ ಸುಲಭವಾಗಿತ್ತು. ಬೆಳಕು, ನೋಟದ ಕೋನ, ಮುಖಭಾವ ಬದಲಾದೊಡನೆ ಅಪರಿಚಿತನೊಬ್ಬನು ಬೇರೊಬ್ಬನಂತೆ ತೋರುತ್ತಾನೆ. ಪರಿಚಿತರ ಮುಖವನ್ನಾದರೋ ನಾವು ನಗುವಿನಲ್ಲಿ, ಅಳುವಿನಲ್ಲಿ, ಬಿಸಿಲಿನಲ್ಲಿ, ಮಬ್ಬಿನಲ್ಲಿ ನೂರಾರು ಬಾರಿ ಕಂಡಿರುತ್ತೇವೆ. ಆದುದರಿಂದಲೇ ಅದು ಹೇಗೆ ಕಂಡರೂ ನಮಗೆ ಗುರುತು ತಪ್ಪುವುದಿಲ್ಲ.

ಈ ವ್ಯತ್ಯಾಸವನ್ನು ಮರೆತರೆ ಅನರ್ಥವಾದೀತು. 1895ರಲ್ಲಿ ಲಂಡನ್ ನಗರದ ಬೀದಿಯಲ್ಲಿ ಮಹಿಳೆಯೊಬ್ಬಳು ಆಡಾಲ್ಫ್ ಬೆಕ್ ಎಂಬಾತನನ್ನು ತಡೆದು, ತನ್ನನ್ನು ವಂಚಿಸಿ ಒಡವೆಗಳನ್ನು ಕೊಂಡೊಯ್ದವನು ಇವನೇ ಎಂದಳು. ಅದೇ ರೀತಿ ಮೋಸಹೋಗಿದ್ದ ಇನ್ನೂ ಹಲವು ಮಹಿಳೆಯರು ಅವನನ್ನೇ ತೋರಿಸಿದರು. ತಾನು ನಿರಪರಾಧಿಯೆಂದು ಬೆಕ್ ಮೊರೆಯಿಟ್ಟರೂ ಫಲವಾಗಲಿಲ್ಲ. 1896ರಲ್ಲಿ ಅವನಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. 1901ರಲ್ಲಿ ಬಿಡುಗಡೆ ಹೊಂದಿದವನ ಮೇಲೆ 1904ರಲ್ಲಿ ಮತ್ತೆ ಅದೇ ಬಗೆಯ ಆರೋಪ ಬಂದಿತು. ಮತ್ತೆ ಅವನೇ ಅಪರಾಧಿಯೆಂದು ತೀರ್ಮಾನವಾಯಿತು. ಅವನಿನ್ನೂ ಸೆರೆಯಲ್ಲಿರುವಾಗಲೇ ಹೊರಗೆ ಅಂತಹುದೇ ವಂಚನೆ ನಡೆಯಿತು. ಆಗ ನಿಜವಾದ ವಂಚಕನು ಸಿಕ್ಕಿಬಿದ್ದನು. ಬೆಕ್‌ಗೆ ಬಿಡುಗಡೆಯೂ ಪರಿಹಾರಧನವೂ ದೊರೆತವು. ಕಳೆದುಹೋದ ವರ್ಷಗಳು ಮಾತ್ರ ಮರಳಲಿಲ್ಲ. ಆ ಮಹಿಳೆಯರು ಸುಳ್ಳು ಹೇಳಲೆಂದು ಬಂದವರಲ್ಲ. ತಮ್ಮ ಕಣ್ಣುಗಳನ್ನು ಪೂರ್ಣವಾಗಿ ನಂಬಿದವರು. ಈ ಪ್ರಕರಣದಿಂದ ಎಚ್ಚೆತ್ತ ಇಂಗ್ಲೆಂಡಿನಲ್ಲಿ 1907ರ ಕಾನೂನಿನ ಮೂಲಕ ಅಪರಾಧ ಮೊಕದ್ದಮೆಗಳಿಗಾಗಿ ಮೇಲ್ಮನವಿ ನ್ಯಾಯಾಲಯ ಸ್ಥಾಪಿತವಾಯಿತು.

ನಮ್ಮ ದೇಶದಲ್ಲಿಯೂ ಅಪರಾಧದ ತನಿಖೆಯ ಕಾಲದಲ್ಲಿ ಗುರುತು ಪತ್ತೆ ಪರೇಡು ನಡೆಸುವುದುಂಟು. ಆರೋಪಿಯನ್ನು ಅವನನ್ನು ಹೋಲುವ ಇತರರ ನಡುವೆ ನಿಲ್ಲಿಸಿ, ಗುರುತಿಸುವಂತೆ ಸಾಕ್ಷಿಯನ್ನು ಕೇಳಲಾಗುತ್ತದೆ. ಆದರೆ ಆ ಪರೇಡಿನ ಫಲಿತಾಂಶವೊಂದನ್ನೇ ಆಧರಿಸಿ ಯಾರನ್ನೂ ಅಪರಾಧಿಯೆಂದು ನಿರ್ಣಯಿಸುವಂತಿಲ್ಲ. ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯಕ್ಕೆ ಅದು ಬೆಂಬಲ ಮಾತ್ರ.

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತಾಯಿಯನ್ನು ದೂರದಿಂದಲೇ ಗುರುತಿಸುವ ಕಣ್ಣು, ಒಮ್ಮೆ ಮಾತ್ರ ಕಂಡ ಅಪರಿಚಿತನ ವಿಷಯದಲ್ಲಿ ತಪ್ಪಬಲ್ಲದು. ‘ಇವನೇ ಅವನು’ ಎಂದು ಬೆರಳು ತೋರುವ ಮುನ್ನ, ನಮ್ಮ ಒಂದು ಮಾತಿನ ಮೇಲೆ ಒಬ್ಬ ಮನುಷ್ಯನ ಬಾಳು ನಿಂತಿರಬಹುದೆಂಬುದನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ.