ಕುಡಿತದ ಚಿಕಿತ್ಸೆ: ಎಲ್ಲಿ, ಯಾರ ಖರ್ಚಿನಲ್ಲಿ?

ಕುಡಿತ ಬಿಡಿಸಲು ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು, ಇಲ್ಲವೇ ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಸೇರಿಸಬೇಕು ಎಂಬ ನಂಬಿಕೆ ಹುಬ್ಬಳ್ಳಿ-ಧಾರವಾಡದಲ್ಲಿ ಅನೇಕರಿಗಿದೆ. ಆದರೆ 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಅಂದರೆ ಈಗಿನ ಡಿಮ್ಹಾನ್ಸ್, ಸರ್ಕಾರಿ ಸಂಸ್ಥೆ. ವ್ಯಸನಕ್ಕೂ ಅಲ್ಲಿ ಚಿಕಿತ್ಸೆ ಉಂಟು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿಯೂ ಮನೋವೈದ್ಯರಿದ್ದಾರೆ. ಡಿಮ್ಹಾನ್ಸ್‌ಗೆ ಹೋಗದಂತೆ ತಡೆಯುವುದು ಎಷ್ಟೋ ಸಲ ದುಡ್ಡಲ್ಲ, ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರು.

ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಉಚಿತ ಚಿಕಿತ್ಸೆ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಕೇಂದ್ರಗಳಲ್ಲಿ ಖರ್ಚಿಲ್ಲದ ಚಿಕಿತ್ಸೆ ಅದರ 18ನೇ ಕಲಮಿನ ಪ್ರಕಾರ ಹಕ್ಕು. ಖಾಸಗಿ ವಿಮೆಯ ಮೇಲೆ ಮಾತ್ರ ಹೆಚ್ಚು ಭರವಸೆ ಇಡುವಂತಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು ಅದೇ ಕಾಯ್ದೆ ಹೇಳಿದರೂ, ಮದ್ಯಪಾನ ಮತ್ತು ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಖಾಸಗಿ ಕೇಂದ್ರಕ್ಕೆ ಮುಂಗಡ ಕಟ್ಟುವ ಮೊದಲೇ ಅದನ್ನು ಓದಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆಯೆಂದರೆ ‘ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ’. ಇಂಥ ಪುಡಿಯಲ್ಲಿ ಏನಿದೆ ಎಂದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಅದರಲ್ಲಿದ್ದರೆ ಅದೂ ಅಪಾಯವೇ: ಆ ಗುಳಿಗೆ ನುಂಗಿದವರು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಹೃದ್ರೋಗಿಗಳಿಗೆ ಅದು ಪ್ರಾಣಕ್ಕೇ ಕುತ್ತು. ಅದಕ್ಕೇ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುವ ಔಷಧ ಅದು. ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಷ್ಟೇ ಕೆಟ್ಟದ್ದು. ವರ್ಷಗಟ್ಟಲೆ ದಿನವೂ ಕುಡಿದವರಲ್ಲಿ ನಿಲ್ಲಿಸಿದ ಎರಡು-ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಸನ್ನಿ ಕಾಣಿಸಿಕೊಳ್ಳಬಹುದು. ಆ ದಿನಗಳಿಗೆ ನಿದ್ರಾಜನಕ ಗುಳಿಗೆ, ಥಯಾಮಿನ್ ಜೀವಸತ್ವ, ವೈದ್ಯರ ಕಣ್ಗಾವಲು ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಗೆ ಹೋಗುವವರೂ ಮೊದಲು ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು. ಎಲ್ಲರೂ ಆಸ್ಪತ್ರೆಗೆ ದಾಖಲಾಗಬೇಕೆಂದೇನೂ ಇಲ್ಲ. ಲಕ್ಷಣ ಸೌಮ್ಯವಾಗಿದ್ದರೆ ಮನೆಯಿಂದಲೇ ಬಂದುಹೋಗಿ ಚಿಕಿತ್ಸೆ ಪಡೆಯಬಹುದು.

ಗಾಂಜಾ ಸೇದುವವರು ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸು ಗ್ಯಾರಂಟಿ ಎಂಬ ಭಯವೂ ಇದೆ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಮಾರಾಟಗಾರರಿಗೆ ಈ ರಕ್ಷಣೆ ಇಲ್ಲ.

ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಎರಡೂ ಉಚಿತ.