ಕೂಗುತ್ತಿದ್ದವರು ಕಿವಿಗೊಟ್ಟ ವಾರ

1967ರ ವಸಂತಕಾಲದ ಒಂದು ಮುಂಜಾವು. ಗಂಟೆ ಆರು. ಲಂಡನ್ ನಗರದ ಚೆಲ್ಸಿ ಬಡಾವಣೆ ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲ. ಕಿಂಗ್ಸ್ ರೋಡಿನ ಬಳಿಯ ಮನೆಯೊಂದರ ಕಿಟಕಿಗಳು ತೆರೆದುಕೊಂಡವು. ಕಿಟಕಿಯ ಕಟ್ಟೆಯ ಮೇಲೆ ಧ್ವನಿವರ್ಧಕಗಳು ಬಂದು ಕುಳಿತವು. ಮರುಕ್ಷಣವೇ, ಅದುವರೆಗೆ ಹೊರಗಿನವರ ಕಿವಿಗೆ ಬೀಳದಿದ್ದ ಸಂಗೀತವೊಂದು ಬೀದಿಯ ಉದ್ದಕ್ಕೂ ಹರಿಯತೊಡಗಿತು. ಅಕ್ಕಪಕ್ಕದ ಮನೆಗಳ ಕಿಟಕಿಗಳೂ ಒಂದೊಂದಾಗಿ ತೆರೆದವು. ನಿದ್ದೆಗಣ್ಣಿನ ಮುಖಗಳು ಹೊರಗೆ ಇಣುಕಿದವು. ಆದರೆ ಯಾರೂ ಗದರಲಿಲ್ಲ. ಹಾಡುತ್ತಿರುವವರು ಯಾರೆಂದು ಎಲ್ಲರಿಗೂ ತಿಳಿದುಹೋಗಿತ್ತು. ಜನ ನಸುನಕ್ಕು ಕಿವಿಗೊಟ್ಟರು.

ಆ ಮನೆ ಅಮೆರಿಕದ ಗಾಯಕಿ ಕ್ಯಾಸ್ ಎಲಿಯಟ್ ಅವರದು. ಸ್ಟುಡಿಯೋದಿಂದ ನೇರವಾಗಿ ಅಲ್ಲಿಗೆ ಬಂದಿದ್ದವರು ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ ಎಂಬ ನಾಲ್ವರು ತರುಣರ ‘ಬೀಟಲ್ಸ್’ ತಂಡ. ಅವರು ಕೈಯಲ್ಲಿ ಹಿಡಿದು ತಂದಿದ್ದುದು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಹೊಸ ಧ್ವನಿಮುದ್ರಿಕೆಯ ಮೊದಲ ಪ್ರತಿ. ತಂಡದ ನಿಕಟವರ್ತಿ ನೀಲ್ ಆಸ್ಪಿನಾಲ್ ಮುಂದೆ ನೆನಪಿಸಿಕೊಂಡ ಪ್ರಸಂಗವಿದು. ಆ ಮುದ್ರಿಕೆಯ ಬಗ್ಗೆ ಸಾರ್ವಜನಿಕರಿಂದ ಬಂದ ಪ್ರಥಮ ಅಭಿಪ್ರಾಯವೆಂದರೆ ಆ ಕಿಟಕಿಗಳ ನಸುನಗೆಯೇ.

ಹತ್ತು ತಿಂಗಳ ನಿರೀಕ್ಷೆ

ಆ ನಸುನಗೆಯ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೀ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ ಸೇರಿದ್ದವರು ಸುಮಾರು 55,000 ಮಂದಿ. ಅಭಿಮಾನಿಗಳ ಆರ್ಭಟದಲ್ಲಿ ಹಾಡು ಮುಳುಗಿಹೋಯಿತು. ಪ್ರೇಕ್ಷಕರಿಗೆ ಹಾಡು ಕೇಳಿಸಲಿಲ್ಲ. ಹಾಡುವವರಿಗೆ ತಮ್ಮ ದನಿಯೇ ಕೇಳಿಸಲಿಲ್ಲ. ಪ್ರೀತಿಯೇ ಗೋಡೆಯಾಗಿ ನಿಂತ ವಿಚಿತ್ರ ಪರಿಸ್ಥಿತಿ ಅದು. 1966ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ ಮೇಲೆ ನಾಲ್ವರೂ ಊರೂರು ಸುತ್ತಿ ಕಛೇರಿ ನಡೆಸುವ ಪದ್ಧತಿಗೆ ಮಂಗಳ ಹಾಡಿದರು.

ಬಳಿಕ ದೀರ್ಘ ಮೌನ. ಆ ಆಗಸ್ಟಿನಲ್ಲಿ ಹೊರಬಂದ ‘ರಿವಾಲ್ವರ್’ ಆದ ಮೇಲೆ ಹತ್ತು ತಿಂಗಳ ಕಾಲ ಹೊಸ ದೀರ್ಘ ಮುದ್ರಿಕೆ ಬರಲಿಲ್ಲ. 1967ರ ಫೆಬ್ರವರಿಯಲ್ಲಿ ಎರಡು ಹಾಡುಗಳ ಕಿರುಮುದ್ರಿಕೆಯೊಂದು ಬಂದಿತಾದರೂ ಬ್ರಿಟನ್ನಿನ ಪ್ರಮುಖ ಮಾರಾಟ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನದಲ್ಲೇ ನಿಂತಿತು. ಬೀಟಲ್ಸರ ಸೆಲೆ ಬತ್ತಿತೆಂದು ಪತ್ರಿಕೆಗಳು ಬರೆದವು. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ಅಭಿಮಾನಿಗಳಿಗೆ ಈಗ ಕೂಗಲು ವೇದಿಕೆಯೂ ಇರಲಿಲ್ಲ, ಕೇಳಲು ಹಾಡೂ ಇರಲಿಲ್ಲ.

ಸ್ಟುಡಿಯೋದ ಒಳಗೆ

ಆ ಮೌನದಲ್ಲಿ ಕೆಲಸ ನಿಂತಿರಲಿಲ್ಲ. 1966ರ ನವೆಂಬರಿನಿಂದ 1967ರ ಏಪ್ರಿಲಿನವರೆಗೆ ಲಂಡನ್ನಿನ ಆಬಿ ರೋಡಿನಲ್ಲಿರುವ ಇ.ಎಂ.ಐ. ಸ್ಟುಡಿಯೋದಲ್ಲಿ ರಾತ್ರಿ ಹಗಲಾಗುತ್ತಿತ್ತು. 1963ರಲ್ಲಿ ತಮ್ಮ ಮೊದಲ ದೀರ್ಘ ಮುದ್ರಿಕೆಗಾಗಿ ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುಗಿಸಿದ್ದ ಇದೇ ತರುಣರು ಈ ಬಾರಿ ವ್ಯಯಿಸಿದ್ದು ಸುಮಾರು 700 ಗಂಟೆ ಎಂದು ಲೆಕ್ಕ ಹೇಳುತ್ತಾರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿತಂತ್ರಜ್ಞ ಜೆಫ್ ಎಮೆರಿಕ್ ಅವರ ಬಳಿ ಇದ್ದುದು ನಾಲ್ಕು ದನಿಗಳನ್ನು ಮಾತ್ರ ಪ್ರತ್ಯೇಕವಾಗಿ ಹಿಡಿದಿಡಬಲ್ಲ ಟೇಪ್ ಯಂತ್ರ. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಯಂತ್ರಕ್ಕೆ ಇಳಿಸುವರು. ಹೀಗೆ ಉಳಿದ ಜಾಗದಲ್ಲಿ ಹೊಸ ದನಿಗಳನ್ನು ತುಂಬುವರು. ಪದರದ ಮೇಲೆ ಪದರವಾಗಿ ಹಾಡು ಬೆಳೆಯುತ್ತಿತ್ತು.

ಕೊನೆಯ ಹಾಡಿಗಾಗಿ ಫೆಬ್ರವರಿ 10ರಂದು 40 ಮಂದಿಯ ವಾದ್ಯವೃಂದವನ್ನೇ ಕರೆಸಿದರು. ಆ ಹಾಡಿನ ಅಂತ್ಯದಲ್ಲಿ ಹಲವು ಕೈಗಳು ಪಿಯಾನೋಗಳ ಮೇಲೆ ಒಮ್ಮೆಗೇ ಒತ್ತಿದ ಸ್ವರವೊಂದು 40 ಸೆಕೆಂಡಿಗೂ ಹೆಚ್ಚು ಕಾಲ ಅನುರಣಿಸುತ್ತ ಕರಗುತ್ತದೆ. ಸ್ವರ ಕ್ಷೀಣಿಸಿದಂತೆಲ್ಲ ತಂತ್ರಜ್ಞರು ಧ್ವನಿಯ ಮಟ್ಟವನ್ನು ಏರಿಸುತ್ತ ಹೋದರು. ಹಾಗಾಗಿ ಕಿವಿಗೊಟ್ಟು ಕೇಳುವವರಿಗೆ ಕಟ್ಟಕಡೆಯಲ್ಲಿ ಕುರ್ಚಿಯೊಂದು ಕಿರುಗುಟ್ಟುವುದೂ ಕೇಳಿಸುತ್ತದೆ. ಶೀ ಕ್ರೀಡಾಂಗಣದಲ್ಲಿ ಹಾಡೇ ಕೇಳಿಸದಿದ್ದ ಅಭಿಮಾನಿಗೆ ಈಗ ಕುರ್ಚಿಯ ಸದ್ದೂ ಕೇಳಿಸಿತು!

ಒಂದು ಮುದ್ರಿಕೆ, ಕೋಣೆ ತುಂಬ ಜನ

ಅಧಿಕೃತ ಬಿಡುಗಡೆಯ ದಿನ 1967ರ ಜೂನ್ 1. ಆದರೆ ಬ್ರಿಟನ್ನಿನ ಅಂಗಡಿಗಳಿಗೆ ಅದು ಮೇ 26ರಂದೇ ಬಂದಿತು. ಕೊಂಡವನು ಅದನ್ನು ಒಬ್ಬನೇ ಕೇಳುವಂತಿರಲಿಲ್ಲ. ಒಬ್ಬನ ಮನೆಯಲ್ಲಿ ಗ್ರಾಮಫೋನು ಇದ್ದರೆ ಗೆಳೆಯರ ಹಿಂಡೇ ನೆಲದ ಮೇಲೆ ಕೂರುತ್ತಿತ್ತು. ಮೊದಲು ಹೊದಿಕೆ ಕೈಯಿಂದ ಕೈಗೆ ಸಾಗಬೇಕು. ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಎಂಬ ಕಲಾವಿದ ದಂಪತಿಗಳು ರೂಪಿಸಿದ ಆ ಚಿತ್ರದಲ್ಲಿ ಪ್ರಸಿದ್ಧರ ಜನಜಂಗುಳಿಯೇ ನೆರೆದಿದೆ. ಇವರು ಯಾರು, ಅವರು ಯಾರು ಎಂದು ಗುರುತಿಸುವುದೇ ಒಂದು ಆಟವಾಯಿತು. ನಡುವೆ ಬಣ್ಣಬಣ್ಣದ ಬ್ಯಾಂಡಿನ ಉಡುಪು ತೊಟ್ಟು, ಮೀಸೆ ಬಿಟ್ಟ ನಾಲ್ವರು. ಅವರ ಪಕ್ಕದಲ್ಲೇ ಕಪ್ಪು ಉಡುಪಿನ ಹಳೆಯ ಬೀಟಲ್ಸ್—ಮೇಡಂ ಟುಸ್ಸಾಡ್ಸ್ ಸಂಗ್ರಹಾಲಯದಿಂದ ಎರವಲು ತಂದ ಮೇಣದ ಗೊಂಬೆಗಳಾಗಿ! ತಾವು ಕೂಗಿ ಕರೆದಿದ್ದ ತರುಣರು ಮೇಣವಾಗಿ ನಿಂತುಬಿಟ್ಟಿದ್ದಾರೆ ಎಂಬುದನ್ನು ಅಭಿಮಾನಿ ಸೂಜಿ ಇಳಿಸುವ ಮೊದಲೇ ಕಂಡನು.

ಹೊದಿಕೆಯ ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವನ್ನೂ ಅಚ್ಚು ಹಾಕಿದ್ದರು. ರಾಕ್ ಸಂಗೀತದಲ್ಲಿ ಇದು ಹೊಸತು. ಕೇಳುವಾಗ ಓದುವುದು, ಓದಿ ಮತ್ತೆ ಕೇಳುವುದು ಆಗ ರೂಢಿಗೆ ಬಂದಿತು. ಹಾಡು ಹಾಡುಗಳ ನಡುವೆ ಎಂದಿನ ಬಿಡುವೂ ಇರಲಿಲ್ಲ. ಮೆಚ್ಚಿದ ಒಂದೇ ಹಾಡನ್ನು ಆರಿಸಿಕೊಳ್ಳುವುದಕ್ಕಿಂತ ಇಡೀ ಬದಿಯನ್ನು ಕೇಳುವುದೇ ಸುಲಭವಾಗಿತ್ತು.

ಚರ್ಚೆಗೇನೂ ಬರವಿರಲಿಲ್ಲ. ಒಬ್ಬನ ಮನೆಯ ಏಕಧ್ವನಿ ಮುದ್ರಿಕೆಯಲ್ಲಿ ಚುರುಕಾಗಿ ಸಾಗುವ ಹಾಡು ಇನ್ನೊಬ್ಬನ ಸ್ಟೀರಿಯೋ ಮುದ್ರಿಕೆಯಲ್ಲಿ ನಿಧಾನವಾಗಿ, ತಗ್ಗಿದ ಶ್ರುತಿಯಲ್ಲಿ ಕೇಳಿಸುತ್ತಿತ್ತು. ಎರಡೂ ನಿಜವೇ, ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿದ್ದರು. ಕೊನೆಯ ಸುತ್ತಿನ ಗೀರಿನಲ್ಲಿ ಅರ್ಥವಿಲ್ಲದ ಮಾತಿನ ತುಣುಕೊಂದನ್ನು ಅಡಗಿಸಿಟ್ಟಿದ್ದರು. ತಾನಾಗಿ ಕೈ ಎತ್ತುವ ಯಂತ್ರವಿದ್ದವರಿಗೆ ಅದು ಕ್ಷಣಕಾಲ ಕೇಳಿ ಮರೆಯಾಗುತ್ತಿತ್ತು. ಅಗ್ಗದ ಯಂತ್ರವಿದ್ದವರ ಮನೆಯಲ್ಲಿ ಯಾರಾದರೂ ಎದ್ದು ಸೂಜಿ ಎತ್ತುವವರೆಗೂ ಅದು ಸುತ್ತುತ್ತಲೇ ಇರುತ್ತಿತ್ತು. ಅದರ ಜೊತೆಗೆ ನಾಯಿಗಳ ಕಿವಿಗೆಂದೇ ಸೇರಿಸಿದ ಅತಿ ಎತ್ತರದ ಸ್ವರ ಬೇರೆ!

ಬಿಡುಗಡೆಯಾಗಿ ಮೂರೇ ದಿನಗಳಲ್ಲಿ, ಜೂನ್ 4ರ ಭಾನುವಾರ, ಲಂಡನ್ನಿನ ಸ್ಯಾವಿಲ್ ರಂಗಮಂದಿರದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತಮ್ಮ ಕಛೇರಿಯನ್ನು ಆರಂಭಿಸಿದ್ದು ಈ ಮುದ್ರಿಕೆಯ ಶೀರ್ಷಿಕೆ ಗೀತೆಯಿಂದ. ಸಭೆಯಲ್ಲಿ ಮೆಕಾರ್ಟ್ನಿ ಮತ್ತು ಹ್ಯಾರಿಸನ್ ಕುಳಿತಿದ್ದರು. ಒಬ್ಬ ಅಭಿಮಾನಿ ತನ್ನ ಮೊದಲ ಅಭಿಪ್ರಾಯವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿರಲಿಲ್ಲ.

ಅಪಸ್ವರಗಳು

ಎಲ್ಲರೂ ಮೆಚ್ಚಿದರೆನ್ನುವುದು ಸರಿಯಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ತರುಣ ವಿಮರ್ಶಕರು, ಅಲಂಕಾರ ಹೆಚ್ಚಾಗಿ ಹಾಡು ಸೊರಗಿದೆಯೆಂದು ಬರೆದರು. ಅವರು ಮನಸಾರೆ ಒಪ್ಪಿದ್ದು ಕಡೆಯ ಹಾಡೊಂದನ್ನೇ. ಪತ್ರಿಕೆಗೆ ಸಿಟ್ಟಿನ ಪತ್ರಗಳ ಸುರಿಮಳೆಯಾಯಿತು. ಅದೇ ಕಡೆಯ ಹಾಡಿನಲ್ಲಿ ಮಾದಕ ವಸ್ತುಗಳ ಸೂಚನೆಯಿದೆಯೆಂದು ಬಿ.ಬಿ.ಸಿ. ಅದನ್ನು ಪ್ರಸಾರ ಮಾಡಲು ನಿರಾಕರಿಸಿತು. ಎಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ನಿರಾಸೆಯೂ ಆಯಿತು. ಕುಣಿಯಲು ಹಾಡು ಬೇಕಿದ್ದವರಿಗೆ ಕುಳಿತು ಕೇಳುವ ಹಾಡು ಸಿಕ್ಕಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವರ ತಾಳ್ಮೆಯನ್ನು ಪರೀಕ್ಷಿಸಿದ್ದು ಎರಡನೆಯ ಬದಿಯ ಮೊದಲ ಹಾಡು—ಹ್ಯಾರಿಸನ್ ರಚಿಸಿದ ‘ವಿದಿನ್ ಯು ವಿದೌಟ್ ಯು’. ರವಿಶಂಕರ್ ಅವರಲ್ಲಿ ಸಿತಾರ್ ಕಲಿಯಲು 1966ರಲ್ಲಿ ಭಾರತಕ್ಕೆ ಬಂದುಹೋಗಿದ್ದ ಹ್ಯಾರಿಸನ್ ಈ ಹಾಡಿನಲ್ಲಿ ಬೀಟಲ್ಸ್ ಪೈಕಿ ತಾವೊಬ್ಬರೇ. ಜೊತೆಗಿದ್ದವರು ಲಂಡನ್ನಿನಲ್ಲಿ ನೆಲಸಿದ್ದ ಭಾರತೀಯ ವಾದಕರು: ದಿಲ್‌ರುಬಾದಲ್ಲಿ ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರದಲ್ಲಿ ಬುದ್ಧದೇವ್ ಕನ್ಸಾರಾ, ತಬಲದಲ್ಲಿ ನಟವರ್ ಸೋನಿ. ಅವರ ಹೆಸರು ಹೊದಿಕೆಯಲ್ಲಿ ಅಚ್ಚಾಗಲಿಲ್ಲ. ನಾಲ್ವರ ಹೆಸರುಗಳೂ ಬೆಳಕಿಗೆ ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು. ತಂಬೂರದ ಶ್ರುತಿ ಹೊರಟೊಡನೆ ಸೂಜಿ ಎತ್ತಿ ಮುಂದಿನ ಹಾಡಿಗೆ ಇರಿಸಿದವರು ಅನೇಕರು. ಹಾಡಿನ ಕೊನೆಗೆ ಹ್ಯಾರಿಸನ್ನರೇ ಒಂದು ನಗೆಯ ಅಲೆಯನ್ನು ಸೇರಿಸಿದ್ದರು. ಅಪರಿಚಿತ ಸಂಗೀತದ ಮುಂದೆ ಮುಜುಗರಪಡುವ ಕೇಳುಗನ ನಗೆಯನ್ನು ಅವರು ಮೊದಲೇ ಊಹಿಸಿದ್ದಂತೆ ಅದು ಕೇಳಿಸುತ್ತದೆ.

ಭಾರತದ ನೆನಪು ಹೊದಿಕೆಯಲ್ಲೂ ಇದೆ. ಹ್ಯಾರಿಸನ್ ಸೂಚಿಸಿದ ಪರಮಹಂಸ ಯೋಗಾನಂದ, ಶ್ರೀ ಯುಕ್ತೇಶ್ವರ ಗಿರಿ, ಲಾಹಿರಿ ಮಹಾಶಯ ಮತ್ತು ಮಹಾವತಾರ ಬಾಬಾಜಿ ಅವರ ಚಿತ್ರಗಳು ಆ ಜನಜಂಗುಳಿಯಲ್ಲಿವೆ. ಗಾಂಧೀಜಿಯವರ ಚಿತ್ರವೂ ಮೊದಲು ಇತ್ತು. ಭಾರತೀಯರ ಮನಸ್ಸಿಗೆ ನೋವಾದೀತೆಂದು ಇ.ಎಂ.ಐ. ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್ ಅದನ್ನು ತೆಗೆಸಿದರು.

ಹಿರಿಯರೂ ಆಲಿಸಿದರು

ಆದರೂ ಆ ಬೇಸಿಗೆಯ ನಿಜವಾದ ಅಚ್ಚರಿ ಹಜಾರದಲ್ಲಿ ನಡೆಯಿತು. ಅದುವರೆಗೆ ಬೀಟಲ್ಸ್ ಸಂಗೀತವೆಂದರೆ ಮಕ್ಕಳ ಕೋಣೆಯಿಂದ ಬರುವ ಗದ್ದಲ, ತಂದೆ ಬಾಗಿಲು ಬಡಿದು ನಿಲ್ಲಿಸಬೇಕಾದ ಗದ್ದಲ. ಈ ಮುದ್ರಿಕೆಯಲ್ಲಾದರೋ ತಂದೆತಾಯಿಗಳಿಗೂ ಜಾಗವಿತ್ತು. ಮನೆ ಬಿಟ್ಟುಹೋದ ಹುಡುಗಿಯೊಬ್ಬಳ ಪತ್ರಿಕಾ ವರದಿಯನ್ನು ಓದಿ ಮೆಕಾರ್ಟ್ನಿ ಆರಂಭಿಸಿದ ‘ಶೀ ಈಸ್ ಲೀವಿಂಗ್ ಹೋಮ್’ ಹಾಡಿನಲ್ಲಿ ಗಿಟಾರೂ ಇಲ್ಲ, ಡೋಲೂ ಇಲ್ಲ. ಬರಿಯ ಪಿಟೀಲು ಮುಂತಾದ ತಂತಿವಾದ್ಯಗಳು ಮತ್ತು ಹಾರ್ಪ್. ಹುಡುಗಿ ಹೊರಟುಹೋಗುತ್ತಾಳೆ. ಆದರೆ ಪಲ್ಲವಿಯಲ್ಲಿ ದನಿ ಸಿಕ್ಕಿರುವುದು ಹಿಂದೆ ಉಳಿದು ಗೋಳಾಡುವ ತಾಯಿತಂದೆಗಳಿಗೆ. ತರುಣರ ಹಾಡಿನಲ್ಲಿ ಹಿರಿಯರ ದುಃಖ! ಅಂದು ಎಷ್ಟೋ ಮನೆಗಳಲ್ಲಿ ಮಕ್ಕಳೂ ಹಿರಿಯರೂ ಹೇಳಲಾರದೆ ಉಳಿಸಿಕೊಂಡಿದ್ದ ಮಾತು ಅದು. ‘ವೆನ್ ಐ ಆಮ್ ಸಿಕ್ಸ್ಟಿಫೋರ್’ ಹಾಡನ್ನು ಮೆಕಾರ್ಟ್ನಿ ಹದಿಹರೆಯದಲ್ಲೇ ಕಟ್ಟಿದ್ದರು. ಅವರ ತಂದೆಗೆ 64 ತುಂಬಿದ್ದು 1966ರಲ್ಲಿ. ಹಳೆಯ ಕಾಲದ ‘ಮ್ಯೂಸಿಕ್ ಹಾಲ್’ ಧಾಟಿಯ ಆ ಹಾಡಿಗೆ ಅಜ್ಜಂದಿರೂ ತಾಳ ಹಾಕಬಹುದಿತ್ತು.

ಮುದ್ರಿಕೆ ಬ್ರಿಟನ್ನಿನಲ್ಲಿ ಒಟ್ಟು 27 ವಾರ, ಅಮೆರಿಕದಲ್ಲಿ 15 ವಾರ ಪ್ರಥಮ ಸ್ಥಾನದಲ್ಲಿತ್ತು. 1968ರಲ್ಲಿ ವರ್ಷದ ಅತ್ಯುತ್ತಮ ದೀರ್ಘ ಮುದ್ರಿಕೆಗಾಗಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ರಾಕ್ ಸಂಗೀತಕ್ಕೆ ಆ ಗೌರವ ಸಂದಿದ್ದು ಅದೇ ಮೊದಲು. ಬಿಡುಗಡೆಯ ವಾರ ಅಮೆರಿಕವನ್ನು ಕಾರಿನಲ್ಲಿ ಅಡ್ಡಹಾಯುತ್ತಿದ್ದ ಲ್ಯಾಂಗ್ಡನ್ ವಿನ್ನರ್ ಎಂಬ ಲೇಖಕರು, ತಾವು ತಂಗಿದ ಊರೂರಿನಲ್ಲೂ ಎಲ್ಲಿಂದಲೋ ಅದೇ ಹಾಡುಗಳು ತೇಲಿಬರುತ್ತಿದ್ದುದನ್ನು ಮುಂದೆ ದಾಖಲಿಸಿದರು.

ಐವತ್ತು ವರ್ಷಗಳ ಬಳಿಕ

2017ರಲ್ಲಿ ಮುದ್ರಿಕೆಗೆ ಐವತ್ತು ತುಂಬಿತು. ಜಾರ್ಜ್ ಮಾರ್ಟಿನ್ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಮಗ ಜೈಲ್ಸ್ ಮಾರ್ಟಿನ್ ಹಳೆಯ ಟೇಪುಗಳಿಂದಲೇ ಹೊಸ ಸ್ಟೀರಿಯೋ ಆವೃತ್ತಿಯನ್ನು ಸಿದ್ಧಪಡಿಸಿದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮತ್ತೊಮ್ಮೆ ಮೊದಲ ಸ್ಥಾನಕ್ಕೇರಿತು. 1967ರಲ್ಲಿ ಗೆಳೆಯನ ಮನೆಯ ನೆಲದ ಮೇಲೆ ಕುಳಿತು ಕೇಳಿದ ಹದಿನೈದರ ಹುಡುಗನಿಗೆ ಆಗ 65 ವರ್ಷ. ಅರವತ್ತನಾಲ್ಕರ ವಯಸ್ಸನ್ನು ಕಲ್ಪಿಸಿಕೊಂಡು ಅಂದು ನಕ್ಕಿದ್ದವನು ಆ ವಯಸ್ಸನ್ನು ದಾಟಿಯಾಗಿತ್ತು.

ಹಾಡಿದ ನಾಲ್ವರಲ್ಲಿ ಆ ವಯಸ್ಸನ್ನು ಕಂಡವರು ಇಬ್ಬರೇ. ಲೆನನ್ 1980ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಕೊಲೆಯಾದರು. ಹ್ಯಾರಿಸನ್ 2001ರಲ್ಲಿ, 58ರ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳ ಕೋಣೆಯ ಬಾಗಿಲ ಬಳಿ ನಿಂತು ಕೇಳಿದ ತಂದೆತಾಯಿಗಳಲ್ಲಿಯೂ ಬಹುಪಾಲು ಮಂದಿ ಇಂದು ಇಲ್ಲ. ಹಳೆಯ ಮುದ್ರಿಕೆಯನ್ನು ಜೋಪಾನವಾಗಿ ಇಟ್ಟುಕೊಂಡವರು ಈಗಲೂ ಸೂಜಿಯನ್ನು ಇಳಿಸುತ್ತಾರೆ. ಆ ಕೊನೆಯ ಸ್ವರ ಕರಗುವವರೆಗೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಕುರ್ಚಿ ಕಿರುಗುಟ್ಟುವುದನ್ನು ಕೇಳಬೇಕಲ್ಲ!